ಮಗುವಿಗೆ ಪ್ರಯತ್ನ ಶುರು ಮಾಡುವ ಮೊದಲು ಪೌಷ್ಟಿಕಾಂಶದಲ್ಲಿ ಏನೇನು ಸರಿ ಮಾಡಿಕೊಳ್ಳಬೇಕು?

ಹೇಮಾವತಿ_ತೀರ (ಪ್ರಶ್ನೆ)

ನನಗೆ 28, ಎತ್ತರ 156 ಸೆಂ.ಮೀ., ತೂಕ 63 ಕೆಜಿ. ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿ. ಯಜಮಾನರಿಗೆ 32. ಈಗಿನ ರಿಪೋರ್ಟ್ ಹೀಗಿದೆ: ಹಿಮೋಗ್ಲೋಬಿನ್ 10.4, ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) 71, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) 8, ಬಿ12 172, ವಿಟಮಿನ್ ಡಿ 13, ಥೈರಾಯ್ಡ್‌ನ ಟಿಎಸ್‌ಎಚ್ 3.1. ಶುಗರ್ ನಾರ್ಮಲ್. ತಿಂಗಳ ಮುಟ್ಟು ಸರಿಯಾಗಿದೆ, ಆದರೆ ಮೊದಲ ಎರಡು ದಿನ ಹೆಚ್ಚು ಹೋಗುತ್ತದೆ.

ಮೆಡಿಕಲ್ ಶಾಪ್‌ನಲ್ಲಿ ಕೇಳಿದ್ದಕ್ಕೆ ಫೋಲಿಕ್ ಆಸಿಡ್ 5 ಎಂಜಿ ಮಾತ್ರೆ, ಜೊತೆಗೆ "ಮಗುವಿಗೆ ಟ್ರೈ ಮಾಡೋರಿಗೆ" ಅಂತ ಒಂದು ಡಬ್ಬಿ ಪ್ರೋಟೀನ್ ಪೌಡರ್ ಕೊಟ್ಟರು. ಯಜಮಾನರಿಗೆ ವೈದ್ಯರು ಆಂಟಿ ಆಕ್ಸಿಡೆಂಟ್ ಕ್ಯಾಪ್ಸೂಲ್ ಬರೆದುಕೊಟ್ಟಿದ್ದಾರೆ.

ನನ್ನ ಪ್ರಶ್ನೆಗಳು: ಈ ಪೌಡರ್ ಬೇಕಾ? ಮಾತ್ರೆಗಳನ್ನು ಯಾವ ಹೊತ್ತಿಗೆ ತಗೋಬೇಕು? ಇವೆಲ್ಲ ಸರಿಯಾಗುವ ತನಕ ಪ್ರಯತ್ನ ನಿಲ್ಲಿಸಬೇಕಾ? ಆಹಾರದ ವಿಚಾರದಲ್ಲಿ ಮಾರ್ಗದರ್ಶನ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದಾ?

ಪಥ್ಯಾಹಾರ_ಮೈಸೂರು

ಮೇಡಂ, ರಿಪೋರ್ಟ್ ಮುಂದಿಟ್ಟುಕೊಂಡು ಕೇಳಿದ್ದು ಒಳ್ಳೆಯದಾಯಿತು. "ಏನು ತಿಂದರೆ ಬೇಗ ಗರ್ಭ ನಿಲ್ಲುತ್ತೆ" ಎಂಬ ಪ್ರಶ್ನೆಗೆ ಉತ್ತರವಿಲ್ಲ. ನಿಮ್ಮ ಮೈಯಲ್ಲಿ ಯಾವುದು ಕಡಿಮೆ ಇದೆ ಅನ್ನುವುದಕ್ಕೆ ಉತ್ತರವಿದೆ. ನಿಮ್ಮಲ್ಲಿ ಮೂರು ಕಡಿಮೆ: ಕಬ್ಬಿಣ, ಬಿ12, ಡಿ. ಮೂರೂ ಸರಿಹೋಗುವಂಥವು. ದುಡ್ಡು, ಗಮನ ಎರಡೂ ಮೊದಲು ಅಲ್ಲಿಗೆ ಹೋಗಲಿ.

ಪೌಡರ್ ವಿಚಾರ. ವಯಸ್ಕರಿಗೆ ದಿನಕ್ಕೆ ಬೇಕಾದ ಪ್ರೋಟೀನ್ ಕೆಜಿ ತೂಕಕ್ಕೆ 0.83 ಗ್ರಾಂ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. 63 ಕೆಜಿಗೆ ಸುಮಾರು 52 ಗ್ರಾಂ ಆಯಿತು. ಮನೆ ಊಟದಲ್ಲೇ ಲೆಕ್ಕ ಹಾಕಿ ನೋಡಿ. ಮೂರು ಇಡ್ಲಿ 6 ಗ್ರಾಂ. 40 ಗ್ರಾಂ ಹೆಸರುಕಾಳು ಮೊಳಕೆ ಕಟ್ಟಿ ಉಸಲಿ ಮಾಡಿದರೆ 9. ನೂರು ಗ್ರಾಂ ಹಿಟ್ಟಿನ ಮುದ್ದೆಗೆ 7. ಸಾರಿಗೆ ಹಾಕುವ 40 ಗ್ರಾಂ ಹುರುಳಿ ಅಥವಾ ಅವರೆಕಾಳಿಗೆ 9. ಒಂದು ಬಟ್ಟಲು ಮೊಸರು 6, ಒಂದು ಲೋಟ ಹಾಲು 6, ಒಂದು ಹಿಡಿ ಕಡ್ಲೆಬೀಜ 7, ರಾತ್ರಿ ಅನ್ನಕ್ಕೆ 6. ಒಟ್ಟು 56. ಕಾಳು ಎರಡು ಹೊತ್ತು ಬಿದ್ದರೆ ಪೌಡರ್ ಬೇಕಾಗುವುದಿಲ್ಲ. ಬೀಳದೇ ಇರುವುದೇ ಸಮಸ್ಯೆ: ತಿಳಿಸಾರು, ಅನ್ನ, ಉಪ್ಪಿನಕಾಯಿಯಲ್ಲಿ ದಿನ ಕಳೆದರೆ 30 ಗ್ರಾಂ ದಾಟುವುದೂ ಕಷ್ಟ. ಡಬ್ಬಿ ತೆರೆದಾಗಿದ್ದರೆ ಹಿಂಬದಿ ನೋಡಿ, ಒಂದು ಸಲಕ್ಕೆ ಪ್ರೋಟೀನ್ ಎಷ್ಟು, ಸಕ್ಕರೆ ಎಷ್ಟು ಅಂತ. ಸಕ್ಕರೆಯೇ ಹೆಚ್ಚಿದ್ದರೆ ನಿಮ್ಮ ತೂಕಕ್ಕೆ ಅದು ಬೇಡವೇ ಬೇಡ.

ಸೊಪ್ಪಿನ ಬಗ್ಗೆ ಒಂದು ಮಾತು. ಅದರಲ್ಲಿರುವ ಫೋಲೇಟ್ (ಫೋಲಿಕ್ ಆಸಿಡ್‌ನ ಸಹಜ ರೂಪ) ನೀರಿನಲ್ಲಿ ಕರಗುತ್ತದೆ, ಹೆಚ್ಚು ಹೊತ್ತು ಕುದಿಸಿದರೆ ಹಾಳೂ ಆಗುತ್ತದೆ. ಸೊಪ್ಪನ್ನು ಸಣ್ಣಗೆ ಹೆಚ್ಚಿ, ಆಮೇಲೆ ತೊಳೆದು, ಬೇಯಿಸಿ, ಹಿಂಡಿ ನೀರು ಚೆಲ್ಲಿ ಪಲ್ಯ ಮಾಡುವವರು ಅರ್ಧ ಸತ್ವವನ್ನು ಮೋರಿಗೆ ಬಿಡುತ್ತಾರೆ. ನಮ್ಮ ಹಳೇ ಮೈಸೂರಿನ ಬಸ್ಸಾರು, ಉಪ್ಸಾರು ಇದಕ್ಕೆ ತದ್ವಿರುದ್ಧ: ಕಾಳು ಸೊಪ್ಪು ಬೆಂದ ಕಟ್ಟನ್ನು ಬಸಿದು ಅದನ್ನೇ ಸಾರು ಮಾಡುತ್ತೇವೆ, ಬಸಿದದ್ದು ಪಲ್ಯವಾಗುತ್ತದೆ. ಏನೂ ಚೆಲ್ಲುವುದಿಲ್ಲ. ಮೊದಲು ತೊಳೆದು ಆಮೇಲೆ ಹೆಚ್ಚಿ. ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ, ಐದಾರು ನಿಮಿಷಕ್ಕೆ ಇಳಿಸಿ, ತಟ್ಟೆಗೆ ಬಡಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಕಾಳು ಸೊಪ್ಪಿನಲ್ಲಿರುವ ಕಬ್ಬಿಣವನ್ನು ಮೈ ಸುಲಭವಾಗಿ ಹೀರುವುದಿಲ್ಲ, ವಿಟಮಿನ್ ಸಿ ಜೊತೆಯಲ್ಲಿದ್ದರೆ ಹೀರುತ್ತದೆ.

ಹಾಗಂತ ಫೆರಿಟಿನ್ 8 ಇರುವವರು ಬಸ್ಸಾರಿನಿಂದ, ಬೀಟ್‌ರೂಟಿನಿಂದ, ಖರ್ಜೂರದಿಂದ ಅದನ್ನು ಏರಿಸಲಾಗುವುದಿಲ್ಲ. ಖಜಾನೆ ಖಾಲಿಯಾಗಿದೆ, ಮಾತ್ರೆ ಬೇಕೇ ಬೇಕು. ಊಟ ಇರುವುದು ಅದು ಮತ್ತೆ ಖಾಲಿಯಾಗದಂತೆ ನೋಡಿಕೊಳ್ಳುವುದಕ್ಕೆ. ರಾಗಿ ಬಗ್ಗೆಯೂ ಇದೇ ತಪ್ಪು ತಿಳಿವಳಿಕೆ ಇದೆ. ರಾಗಿಯ ಬಲ ಕ್ಯಾಲ್ಸಿಯಂ, ನೂರು ಗ್ರಾಂಗೆ 360 ಎಂಜಿ ಆಸುಪಾಸು. ಅದರಲ್ಲಿರುವ ಫೈಟೇಟ್, ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಮುದ್ದೆ ಉಂಡ ತಕ್ಷಣ ಕಬ್ಬಿಣದ ಮಾತ್ರೆ ನುಂಗಬೇಡಿ.

ತೂಕ: ನಿಮ್ಮ ಬಿಎಂಐ 26 ಹತ್ತಿರ. ನಮ್ಮವರಿಗೆ 23ರ ಮೇಲೆ ಹೆಚ್ಚು ತೂಕ ಅಂತ ಲೆಕ್ಕ. ಮುಟ್ಟು ಸರಿಯಿರುವುದರಿಂದ ಗಾಬರಿ ಬೇಡ, ಮೂರು ಕೆಜಿ ಇಳಿದರೆ ಮುಂದೆ ಬಸುರಿನಲ್ಲಿ ಸಕ್ಕರೆ ಕಾಯಿಲೆ ಬರುವ ಸಂಭವ ಕಡಿಮೆಯಾಗುತ್ತದೆ. ಊಟ ಬಿಟ್ಟು ಇಳಿಸಬೇಡಿ. ಅನ್ನ ಒಂದು ಸೌಟು ಕಡಿಮೆ ಮಾಡಿ, ಕಾಳು ಒಂದು ಸೌಟು ಹೆಚ್ಚಿಸಿ, ಸಂಜೆಯ ಬಿಸ್ಕೆಟ್ ನಿಲ್ಲಿಸಿ. ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ತೊಂದರೆ) ಇದ್ದು ಮುಟ್ಟು ಏರುಪೇರಾಗುವವರಿಗೆ ಮಾತ್ರ ತೂಕವೇ ಮೊದಲ ಕೆಲಸ, ಶೇ 5ರಿಂದ 10 ಇಳಿದರೆ ಎಷ್ಟೋ ಮಂದಿಗೆ ಅಂಡೋತ್ಪತ್ತಿ ತಾನಾಗಿ ಮರಳುತ್ತದೆ.

ಔಷಧಿ_ಹುಬ್ಬಳ್ಳಿ

ಮಾತ್ರೆ ವಿಷಯ ನಾ ಹೇಳ್ತೀನ್ರಿ.

ಫೋಲಿಕ್ ಆಸಿಡ್ ಎಲ್ಲರಿಗೂ ಬೇಕಾಗಿರೋದು ದಿನಕ್ಕ 400 ಮೈಕ್ರೋಗ್ರಾಂ. ನಿಮಗ ಕೊಟ್ಟಿರೋ 5 ಎಂಜಿ ಅಂದ್ರ ಅದರ ಹನ್ನೆರಡು ಪಟ್ಟಿಗಿಂತ ಜಾಸ್ತಿ. ನಮ್ಮ ಕಡೆ ಅಂಗಡ್ಯಾಗ ಕೇಳಿದ ಕೂಡಲೇ ಕೈಗೆ ಸಿಗೋದು ಅದೇ, ಅದಕ್ಕ ಅದನ್ನ ಕೊಟ್ಟುಬಿಡ್ತಾರ. ದೊಡ್ಡ ಡೋಸ್ ಬೇಕಾಗೋದು ಹಿಂದಿನ ಮಗುವಿಗೆ ಬೆನ್ನುಹುರಿ ದೋಷ ಆಗಿದ್ರ, ಗಂಡ ಹೆಂಡತಿ ಒಬ್ಬರಿಗೆ ಆ ದೋಷ ಇದ್ರ, ಸಕ್ಕರೆ ಕಾಯಿಲೆ ಇದ್ರ, ಇಲ್ಲಾ ಫಿಟ್ಸ್ ಮಾತ್ರೆ ನಡದಿದ್ರ. ಅಂಥವರಿಗೆ ಡಾಕ್ಟರೇ ಬರೀತಾರ. 1991ರಾಗ ಬಂದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ (ಎಂಆರ್‌ಸಿ) ಅಧ್ಯಯನದಾಗ, ಹಿಂದ ಅಂಥ ಮಗು ಆಗಿದ್ದ ತಾಯಂದಿರಿಗೆ 4 ಎಂಜಿ ಕೊಟ್ಟು, ಆ ದೋಷ ಮತ್ತ ಬರೋದು ಶೇ 72ರಷ್ಟು ಕಡಿಮೆ ಆತು.

ನಿಮ್ಮ ವಿಷಯದಾಗ 5 ಎಂಜಿ ಬ್ಯಾಡ ಅನ್ನೋಕ ಇನ್ನೊಂದು ಕಾರಣ ಐತ್ರಿ. ಬಿ12 172 ಐತಿ. ಬಿ12 ಕಡಿಮೆ ಇದ್ದಾಗ ಬರೇ ಫೋಲಿಕ್ ಆಸಿಡ್ ಜಾಸ್ತಿ ತಗೊಂಡ್ರ ರಕ್ತದ ರಿಪೋರ್ಟ್ ಚಲೋ ಕಾಣ್ತದ, ನರಕ್ಕ ಆಗೋ ಹಾನಿ ಒಳಗೇ ನಡೀತಿರ್ತದ. ಮೊದಲು ಬಿ12 ಶುರು ಆಗಲಿ, ಇಲ್ಲಾ ಎರಡೂ ಕೂಡೇ ಶುರು ಆಗಲಿ. ಇಂಜೆಕ್ಷನ್ನೋ ಮಾತ್ರೆನೋ ಡಾಕ್ಟರು ನೋಡ್ತಾರ. ಕೈಕಾಲು ಜುಮ್ ಅನ್ನೋದು ಇದ್ರ ಬಾಯಿಬಿಟ್ಟು ಹೇಳ್ರಿ, ಆವಾಗ ಇಂಜೆಕ್ಷನ್ನೇ ಚಲೋ. ಹಾಲು ಮೊಸರಿನಾಗ ಬಿ12 ಐತಿ, ಒಂದು ಲೋಟಕ್ಕ ಒಂದು ಮೈಕ್ರೋಗ್ರಾಂ ಆಸುಪಾಸು. ಕಡಿಮೆ ಆಗದಂಗ ಕಾಯಾಕ ಅದು ಸಾಕು, ಆಗಿಹೋದ ಕೊರತೆ ತುಂಬಾಕ ಸಾಲೂದಿಲ್ಲ.

ಕಬ್ಬಿಣದ ಮಾತ್ರೆ ಕೊಳ್ಳೂವಾಗ ಪಟ್ಟಿ ಹಿಂದ "ಎಲಿಮೆಂಟಲ್ ಐರನ್" ಎಷ್ಟು ಅಂತ ನೋಡ್ರಿ. ಫೆರಸ್ ಸಲ್ಫೇಟ್ 200 ಎಂಜಿ ಅಂತ ಬರೆದಿದ್ರ ಒಳಗಿನ ಕಬ್ಬಿಣ ಸುಮಾರು 60 ಎಂಜಿ ಅಷ್ಟ. ಫೆರಸ್ ಆಸ್ಕಾರ್ಬೇಟ್ ಮಾತ್ರೆ ಮ್ಯಾಲೆ 100 ಅಂತ ಬರೆದಿರೋದು ಒಳಗಿನ ಕಬ್ಬಿಣದ ಲೆಕ್ಕ. ಎರಡನ್ನೂ ಹೋಲಿಸಿ ದೊಡ್ಡ ನಂಬರ್ ಚಲೋ ಅಂದುಕೋಬ್ಯಾಡ್ರಿ.

ತಗೊಳ್ಳೂ ಹೊತ್ತು: ಮುಂಜಾನೆ 11ಕ್ಕ, ತಿಂಡಿ ಆಗಿ ಎರಡು ತಾಸು ಆದಮ್ಯಾಲ, ನಿಂಬೆ ನೀರಿನ ಜೋಡಿ. ಅದರ ಹಿಂದ ಒಂದು ತಾಸು, ಮುಂದ ಎರಡು ತಾಸು ಚಹಾ, ಕಾಫಿ, ಹಾಲು, ಮೊಸರು, ಕ್ಯಾಲ್ಸಿಯಂ ಮಾತ್ರೆ, ಗ್ಯಾಸಿನ ಔಷಧ ಏನೂ ಬ್ಯಾಡ. ಹೊಟ್ಟಿ ತೊಳಸಿದ್ರ ರಾತ್ರಿ ಮಲಗೂವಾಗ ತಗೋರಿ, ಇಲ್ಲಾ ಒಂದು ದಿನ ಬಿಟ್ಟು ಒಂದು ದಿನ ತಗೋಬಹುದಾ ಅಂತ ಡಾಕ್ಟರನ್ನ ಕೇಳ್ರಿ. ಒಂದು ಡೋಸ್ ತಗೊಂಡ ಮ್ಯಾಲೆ ಹೆಪ್ಸಿಡಿನ್ ಅನ್ನೋ ಹಾರ್ಮೋನು ಏರಿ ಸುಮಾರು ಒಂದು ದಿನ ಕರುಳಿನ ಬಾಗಿಲು ಹಾಕ್ತದ, ಅದಕ್ಕ ದಿನ ಬಿಟ್ಟು ತಗೊಂಡಾಗ ಪ್ರತಿ ಮಾತ್ರೆ ಹೆಚ್ಚು ಹೀರ್ತದ. ಮಲ ಕಪ್ಪಾಗೋದು ಸಹಜ, ಅದಕ್ಕ ಹೆದರಿ ನಿಲ್ಲಿಸೋರು ಭಾಳ ಮಂದಿ. ನಾಕು ವಾರಕ್ಕ ಹಿಮೋಗ್ಲೋಬಿನ್ 1ರಿಂದ 2 ಗ್ರಾಂ ಏರಬೇಕು. ಏರಿದ ಕೂಡಲೇ ನಿಲ್ಲಿಸಬ್ಯಾಡ್ರಿ, 12 ದಾಟಿದ ಮ್ಯಾಲೂ ಮೂರು ತಿಂಗಳು ಬೇಕು, ಆವಾಗ ಫೆರಿಟಿನ್ ತುಂಬ್ತದ.

ವಿಟಮಿನ್ ಡಿ: 60,000 ಯೂನಿಟ್ ಸಾಮಾನ್ಯವಾಗಿ ವಾರಕ್ಕ ಒಂದರಂತೆ ಎಂಟು ವಾರ, ದೊಡ್ಡ ಊಟ ಆದ ಮ್ಯಾಲೆ. ಇಲ್ಲಿ ಆಗೋ ಅನಾಹುತ ಏನಂದ್ರ ಹಳೇ ಚೀಟಿ ತೋರಿಸಿ ವಾರ ವಾರ ವರ್ಷಗಟ್ಟಲೆ ತಗೊಳ್ಳೋದು. ರಕ್ತದಾಗ ಕ್ಯಾಲ್ಸಿಯಂ ಏರಿ ಕಿಡ್ನಿಗೆ ತೊಂದ್ರಿ ಆಗ್ತದ. ಎಂಟು ವಾರಕ್ಕ ನಿಲ್ಲಿಸಿ ಡಾಕ್ಟರು ಹೇಳಿದಂಗ ಮುಂದುವರೀರಿ.

ಥೈರಾಯ್ಡ್ ಮಾತ್ರೆ ತಗೊಳ್ಳೋರು ಇದನ್ನ ಓದ್ತಿದ್ರ: ಎದ್ದ ಕೂಡಲೇ ಬರೇ ನೀರಿನ ಜೋಡಿ, ಅರ್ಧದಿಂದ ಒಂದು ತಾಸು ಬಿಟ್ಟು ಕಾಫಿ, ಕಬ್ಬಿಣ ಕ್ಯಾಲ್ಸಿಯಂಗೆ ನಾಕು ತಾಸು ಅಂತರ. ಪಿಸಿಒಎಸ್‌ಗೆ ಮೆಟ್‌ಫಾರ್ಮಿನ್ ನಡದಿದ್ರ ಅದು ಬಿ12 ಇಳಸ್ತದ, ವರ್ಷಕ್ಕೊಮ್ಮೆ ಚೆಕ್ ಮಾಡ್ರಿ.

ಹೇಮಾವತಿ_ತೀರ

ಇಬ್ಬರಿಗೂ ತುಂಬಾ ಧನ್ಯವಾದ. ಸರ್, 11 ಗಂಟೆ ಆಫೀಸಿನಲ್ಲಿ ಕಾಫಿ ಹೊತ್ತು, ಮಾತ್ರೆಯನ್ನು ರಾತ್ರಿಗೆ ಇಟ್ಟುಕೊಳ್ಳುತ್ತೇನೆ. ಎರಡು ಸಂದೇಹ ಉಳಿದಿವೆ. ಪ್ರಯತ್ನ ನಿಲ್ಲಿಸಬೇಕಾ? ಮತ್ತೆ ಅತ್ತೆಯವರು ಪರಂಗಿ, ಎಳ್ಳು, ಬೆಲ್ಲ ಎಲ್ಲ ಉಷ್ಣ, ಈಗಿನಿಂದಲೇ ಬಿಡು ಅಂತಾರೆ. ಎಳ್ಳು ಬಿಟ್ಟರೆ ಕ್ಯಾಲ್ಸಿಯಂ ಹೋಗುತ್ತಲ್ಲಾ?

ಸಿಸ್ಟರ್_ಪಿಎಚ್‌ಸಿ

ನಿಲ್ಲಿಸಲೇಬೇಕು ಅಂತಿಲ್ಲಮ್ಮ. ಹಿಮೋಗ್ಲೋಬಿನ್ 8ಕ್ಕಿಂತ ಕೆಳಗಿದ್ದರೆ, ಅಥವಾ ಸಕ್ಕರೆ ಕಾಯಿಲೆಯವರಿಗೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 6.5ಕ್ಕಿಂತ ಮೇಲಿದ್ದರೆ, ಮೊದಲು ಅದನ್ನು ಸರಿ ಮಾಡಿಕೊಂಡು ಆಮೇಲೆ ಪ್ರಯತ್ನಿಸಿ ಅನ್ನುತ್ತೇವೆ. ನಿಮ್ಮದು 10.4. ಆದರೂ ಎರಡು ಮೂರು ತಿಂಗಳು ಕಾಯುವ ಮನಸ್ಸಿದ್ದರೆ ಕಾಯಿರಿ, ವಯಸ್ಸು ನಿಮ್ಮ ಕಡೆಗಿದೆ. ಬಸುರಿನ ಕೊನೆಗೆ ಬರುವಷ್ಟರಲ್ಲಿ ಕಬ್ಬಿಣದ ಬೇಡಿಕೆ ಬಹಳ ಏರುತ್ತದೆ, ವಾಂತಿ ಶುರುವಾದರೆ ಮಾತ್ರೆ ಒಳಗೆ ನಿಲ್ಲುವುದಿಲ್ಲ. ಈಗ ತುಂಬಿಕೊಂಡದ್ದೇ ಆಗ ಕೈಹಿಡಿಯುವುದು. ಫೋಲಿಕ್ ಆಸಿಡ್ ಮಾತ್ರ ಕಾಯುವಂಥದ್ದಲ್ಲ. ಮಗುವಿನ ಮಿದುಳು ಬೆನ್ನುಹುರಿಯ ಕೊಳವೆ ಗರ್ಭ ಕಟ್ಟಿದ 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿ, ಕಾರ್ಡ್ ಟೆಸ್ಟ್ ಮಾಡಿ, ಆಸ್ಪತ್ರೆಗೆ ಬರುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ. ಕಡಿಮೆ ಅಂದರೂ ಒಂದು ತಿಂಗಳು, ಸಾಧ್ಯವಾದರೆ ಮೂರು ತಿಂಗಳು ಮೊದಲೇ ಶುರುವಾಗಿರಬೇಕು.

ಅತ್ತೆಯವರ ಜೊತೆ ಪರಂಗಿಗೋಸ್ಕರ ಜಗಳ ಬೇಡ, ಅದರ ಬದಲು ಸೀಬೆಹಣ್ಣು ತಿನ್ನಿ, ವಿಟಮಿನ್ ಸಿ ಅದರಲ್ಲಿ ಧಾರಾಳ. ಹಣ್ಣಾದ ಪರಂಗಿಯಿಂದ ತೊಂದರೆ ಇಲ್ಲ, ಬಸುರಿನಲ್ಲಿ ಬೇಡ ಅನ್ನುವುದು ಹಾಲು ಬರುವ ಕಾಯಿಯನ್ನು. ಎಳ್ಳನ್ನು ಬಿಡಬೇಡಿ. ಮುದ್ದೆ, ಮೊಸರು, ನುಗ್ಗೆಸೊಪ್ಪಿನ ಜೊತೆಗೆ ಒಂದು ಚಮಚ ಎಳ್ಳಿನ ಪುಡಿ ಇರಲಿ. ಬೆಲ್ಲದಲ್ಲಿ ಕಬ್ಬಿಣ ಇದೆ ಅಂತ ಅಚ್ಚು ಅಚ್ಚು ತಿನ್ನುವವರೂ ಇದ್ದಾರೆ, ಅದನ್ನೂ ಸಕ್ಕರೆ ಅಂತಲೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಸರ್ಕಾರಿ ಕಡೆ ಏನು ಸಿಗುತ್ತೆ ಅಂದರೆ: 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತದಡಿ 20ರಿಂದ 49 ವಯಸ್ಸಿನ ಹೆಂಗಸರಿಗೆ ವಾರಕ್ಕೊಂದು ಕೆಂಪು ಮಾತ್ರೆ ಉಚಿತ. ಅದರಲ್ಲಿ 60 ಎಂಜಿ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇದೆ. ಆಶಾ ಕಾರ್ಯಕರ್ತೆಯನ್ನು, ಇಲ್ಲವೇ ಉಪಕೇಂದ್ರದಲ್ಲಿ ಕೇಳಿ. ಆದರೆ ಇದು ರಕ್ತಹೀನತೆ ಬಾರದಿರಲಿ ಅಂತ ಕೊಡುವ ಮಾತ್ರೆ. ವಾರಕ್ಕೆ 500 ಅಂದರೆ ದಿನಕ್ಕೆ 400ರ ಹತ್ತಿರಕ್ಕೂ ಬರುವುದಿಲ್ಲ, ಹಾಗಾಗಿ ಮಗುವಿಗೆ ಪ್ರಯತ್ನಿಸುವವರು ವಾರದ ಮಾತ್ರೆ ತಗೊಳ್ಳುತ್ತಿದ್ದೇನೆ ಅಂತ ಸುಮ್ಮನಿರಬಾರದು. ರಕ್ತಹೀನತೆ ಈಗಾಗಲೇ ಇರುವುದರಿಂದ ನಿಮಗೆ ವೈದ್ಯರು ದಿನದ ಡೋಸ್ ಬರೆಯುತ್ತಾರೆ, ಅದೂ ಅಲ್ಲೇ ಸಿಗುತ್ತದೆ. ಜಂತುಹುಳುವಿನ ಆಲ್ಬೆಂಡಜೋಲ್ 400 ಎಂಜಿ ಕೊಟ್ಟರೆ ಮುಟ್ಟಾದ ದಿನಗಳಲ್ಲೇ ನುಂಗಿಬಿಡಿ. ಬಸುರಿನ ಮೊದಲ ಮೂರು ತಿಂಗಳು ಅದು ಬೇಡ, ತಿಂಗಳ ಕೊನೆಯಲ್ಲಿ ಗರ್ಭ ನಿಂತಿದೆಯೋ ಇಲ್ಲವೋ ಗೊತ್ತಿರುವುದಿಲ್ಲ.

ಅಂಗನವಾಡಿಯ ಮಾತೃಪೂರ್ಣ ಊಟ ಗರ್ಭಿಣಿ ಬಾಣಂತಿಯರಿಗೆ, ತಾಯಿ ಕಾರ್ಡ್ ಆದಮೇಲೆ. ಗರ್ಭ ನಿಲ್ಲುವುದಕ್ಕೂ ಮುಂಚಿನ ಮೂರು ತಿಂಗಳಿಗೆ ಊಟದ ಯೋಜನೆ ಇಲ್ಲ. ಅತಿ ಮುಖ್ಯವಾದ ಆ ತಿಂಗಳುಗಳಲ್ಲೇ ಹೆಣ್ಣುಮಕ್ಕಳನ್ನು ಯಾರೂ ಕೇಳದಿರುವುದು ನನಗೆ ಬಹಳ ಬೇಸರದ ವಿಷಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (ಎನ್‌ಎಫ್‌ಎಚ್‌ಎಸ್) ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ, ಬಹಳಷ್ಟು ಜನಕ್ಕೆ ಅದು ತಿಳಿಯುವುದೇ ತಾಯಿ ಕಾರ್ಡ್ ಮಾಡಿಸುವ ದಿನ. ಆಹಾರ ಸಲಹೆಗೆ ಜಿಲ್ಲಾಸ್ಪತ್ರೆ ಅಥವಾ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಡಯಟೀಷಿಯನ್ ಇದ್ದಾರಾ ಅಂತ ವಿಚಾರಿಸಿ, ಸ್ತ್ರೀರೋಗ ಒಪಿಡಿ ಚೀಟಿಯಲ್ಲೇ ಬರೆಸಿಕೊಳ್ಳಿ. ಸಾಮಾನ್ಯ ಸಂದೇಹಗಳಿಗೆ 104 ಆರೋಗ್ಯ ಸಹಾಯವಾಣಿ ಇದೆ.

ಪಥ್ಯಾಹಾರ_ಮೈಸೂರು

ಸಿಸ್ಟರ್ ಹೇಳಿದ್ದಕ್ಕೆ ಸೇರಿಸುತ್ತೇನೆ. ಖಾಸಗಿಯಾಗಿ ಹೋಗುವುದಾದರೆ ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ನಿನ "ಆರ್‌ಡಿ" (ರಿಜಿಸ್ಟರ್ಡ್ ಡಯಟೀಷಿಯನ್) ನೋಂದಣಿ ಇದೆಯೇ ಕೇಳಿ. ತಾನೇ ಪೌಡರ್ ಮಾರುವವರ ಹತ್ತಿರ ಸಲಹೆ ಕೇಳಬೇಡಿ. ಹೋಗುವಾಗ ಮೂರು ದಿನದ ಊಟ ಬರೆದುಕೊಂಡು ಹೋಗಿ, ಅದರಲ್ಲಿ ಒಂದು ಭಾನುವಾರ ಇರಲಿ. "ಅನ್ನ ಸಾರು" ಅಂತ ಬರೆದರೆ ಏನೂ ತಿಳಿಯುವುದಿಲ್ಲ. ಎಷ್ಟು ಸೌಟು, ಸಾರಿನಲ್ಲಿ ಬೇಳೆ ಎಷ್ಟು, ಮನೆಗೆ ತಿಂಗಳಿಗೆ ಎಣ್ಣೆ ಎಷ್ಟು, ಎಷ್ಟು ಜನ, ಯಾವ ಉಪ್ಪು, ಉಪವಾಸ ಯಾವ ವಾರ, ಎಲ್ಲ ಬರೆಯಿರಿ. ಉಪ್ಪು ಅಯೋಡಿನ್ ಸೇರಿದ್ದೇ ಇರಲಿ. ಕಲ್ಲುಪ್ಪು, ಪಿಂಕ್ ಸಾಲ್ಟ್‌ಗೆ ಬದಲಾದ ಮನೆಗಳಲ್ಲಿ ಅಯೋಡಿನ್ ಕಡಿಮೆಯಾಗುವ ಸಂಭವವಿದೆ. ತಿನ್ನುವ ಮಾತ್ರೆ, ಕಷಾಯ, ಲೇಹ್ಯ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಭಸ್ಮ ಸೇರಿದ ಕೆಲವು ಔಷಧಿಗಳಲ್ಲಿ ಸೀಸ, ಪಾದರಸ ಇರುತ್ತವೆ, ಈ ಕಾಲಕ್ಕೆ ಅವು ಬೇಡ.

ಕಾಫಿ ದಿನಕ್ಕೆ ಎರಡು ಸಣ್ಣ ಲೋಟ ಸಾಕು, ಕೆಫೀನ್ 200 ಎಂಜಿ ದಾಟಬಾರದು.

ರಕ್ತಪರೀಕ್ಷೆ_ಲ್ಯಾಬ್

ಎಂಸಿವಿ 71, ಫೆರಿಟಿನ್ 8 ನೋಡಿದರೆ ಕಬ್ಬಿಣದ ಕೊರತೆ ಖಚಿತ. ಜೊತೆಗೆ ಥಲಸ್ಸೀಮಿಯಾ ಮೈನರ್ (ಅನುವಂಶೀಯ ರಕ್ತದೋಷದ ವಾಹಕರಾಗಿರುವುದು) ಇಲ್ಲವೆಂದು ಅದರಿಂದ ಹೇಳಲಾಗದು. ಸಿಬಿಸಿಯಲ್ಲಿ (ರಕ್ತಕಣಗಳ ಪೂರ್ಣ ಪರೀಕ್ಷೆ) ಕೆಂಪು ರಕ್ತಕಣದ ಎಣಿಕೆ ನೋಡಿ. ಹಿಮೋಗ್ಲೋಬಿನ್ ಕಡಿಮೆ ಇದ್ದೂ ಎಣಿಕೆ 5 ಮಿಲಿಯನ್ ಮೇಲಿದ್ದರೆ ಸಂಶಯಪಡಬೇಕು. ಎಚ್‌ಬಿ ಎಲೆಕ್ಟ್ರೋಫೊರೆಸಿಸ್ ಅಥವಾ ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸುವ ಪರೀಕ್ಷೆಗಳು) ಮಾಡಿಸಿ, ವಾಹಕರಲ್ಲಿ ಹೆಚ್ಚಿರುವ ಎ2 ಎಂಬ ಬಗೆಯ ಪ್ರಮಾಣ ನೋಡುತ್ತಾರೆ. ಇಲ್ಲೊಂದು ತೊಡಕು: ಕಬ್ಬಿಣ ತುಂಬಾ ಕಡಿಮೆ ಇದ್ದಾಗ ಎ2 ಸುಳ್ಳಾಗಿ ಇಳಿದು ನಾರ್ಮಲ್ ತೋರಿಸಬಹುದು. ಮೂರು ತಿಂಗಳ ಮಾತ್ರೆಯ ನಂತರವೂ ಎಂಸಿವಿ 80ರ ಕೆಳಗೇ ಉಳಿದರೆ ಆ ಪರೀಕ್ಷೆ ಮತ್ತೆ ಬೇಕು. ಸದ್ಯಕ್ಕೆ ಸುಲಭದ ದಾರಿ ಯಜಮಾನರದ್ದೂ ಒಂದು ಸಿಬಿಸಿ ಮಾಡಿಸುವುದು. ಅವರ ಎಂಸಿವಿ ಕೂಡ ಕಡಿಮೆ ಇದ್ದರೆ ಗರ್ಭ ನಿಲ್ಲುವ ಮೊದಲೇ ಇಬ್ಬರೂ ಎಚ್‌ಪಿಎಲ್‌ಸಿ ಮಾಡಿಸಲೇಬೇಕು. ಇಬ್ಬರೂ ವಾಹಕರಾದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಥಲಸ್ಸೀಮಿಯಾ ಮೇಜರ್ ಬರುವ ಸಂಭವ ನಾಲ್ಕರಲ್ಲಿ ಒಂದು.

ಬಿ12, ಡಿ ಎರಡನ್ನೂ ಮಾತ್ರೆ ಮುಗಿದ ಮರುದಿನ ಪರೀಕ್ಷಿಸಬೇಡಿ. ಬಿ12 ಇಂಜೆಕ್ಷನ್ ಆದ ವಾರದಲ್ಲಿ ಸಾವಿರದ ಮೇಲೆ ತೋರಿಸುತ್ತದೆ, ಅದನ್ನು ನೋಡಿ ಸರಿಹೋಯಿತು ಅಂತ ನಿಲ್ಲಿಸಿಬಿಡುತ್ತಾರೆ. ಜ್ವರ, ಸೋಂಕು ಇರುವಾಗ ಫೆರಿಟಿನ್ ಮಾಡಿಸಿದರೂ ಹಾಗೆಯೇ, ಸುಳ್ಳಾಗಿ ಏರಿರುತ್ತದೆ.

ಎರಡು ದಿನ ಹೆಚ್ಚು ಹೋಗುತ್ತದೆ ಅಂದಿದ್ದೀರಿ. ಸ್ತ್ರೀರೋಗ ತಜ್ಞರ ಹತ್ತಿರ ಒಮ್ಮೆ ಸ್ಕ್ಯಾನ್ ಮಾಡಿಸಿ. ಸೋರುವುದನ್ನು ನೋಡದೆ ತುಂಬುತ್ತಾ ಹೋದರೆ ಫೆರಿಟಿನ್ ನಿಲ್ಲುವುದಿಲ್ಲ.

ಕಡಲತೀರ_ಉಡುಪಿ

ಯಜಮಾನರ ವಿಷಯ ಯಾರೂ ಮುಟ್ಟಿಲ್ಲ. ವೀರ್ಯಾಣು ತಯಾರಾಗಿ ಹೊರಬರಲು ಸುಮಾರು ಮೂರು ತಿಂಗಳು ಬೇಕು. ಇವತ್ತು ಬಿಟ್ಟ ಸಿಗರೇಟಿನ ಫಲ ಮೂರು ತಿಂಗಳ ನಂತರದ ರಿಪೋರ್ಟಿನಲ್ಲಿ ಕಾಣುತ್ತದೆ, ಮುಂದಿನ ವಾರ ಅಲ್ಲ. ಗುಟ್ಕಾ, ಮದ್ಯ, ಬಿಸಿನೀರಿನ ಟಬ್, ತೊಡೆ ಮೇಲೆ ಲ್ಯಾಪ್‌ಟಾಪ್, ಹೊಟ್ಟೆ ಬೊಜ್ಜು, ಇವನ್ನು ಸರಿಮಾಡದೆ ಕ್ಯಾಪ್ಸೂಲ್ ನುಂಗಿದರೆ ಪ್ರಯೋಜನ ಕಡಿಮೆ. ಜಿಮ್‌ನಲ್ಲಿ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಳ್ಳುತ್ತಿದ್ದರೆ ಅದು ವೀರ್ಯಾಣುವನ್ನೇ ನಿಲ್ಲಿಸಿಬಿಡುತ್ತದೆ, ವೈದ್ಯರಿಂದ ಮುಚ್ಚಿಡಬೇಡಿ.

ಕ್ಯಾಪ್ಸೂಲ್ ಬಗ್ಗೆ: 2020ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಗಂಡಸರಿಗೆ ಆರು ತಿಂಗಳು 30 ಎಂಜಿ ಝಿಂಕ್, 5 ಎಂಜಿ ಫೋಲಿಕ್ ಆಸಿಡ್ ಕೊಟ್ಟು ನೋಡಿದರು. ವೀರ್ಯದ ಗುಣಮಟ್ಟವೂ ಸುಧಾರಿಸಲಿಲ್ಲ, ಮಗು ಹುಟ್ಟುವ ಪ್ರಮಾಣವೂ ಹೆಚ್ಚಲಿಲ್ಲ. ಯಾಕೆ ಬರೆದಿದ್ದಾರೆ ಅಂತ ವೈದ್ಯರನ್ನು ಕೇಳಿ. ಸೆಮೆನ್ ಪರೀಕ್ಷೆ ಮಾಡಿಸದೆ ಬರೆದಿದ್ದರೆ ಮೊದಲು ಆ ಪರೀಕ್ಷೆ, ಕೊನೆಯ ಸಲ ವೀರ್ಯ ಹೊರಹೋದ ಮೇಲೆ ಎರಡರಿಂದ ಏಳು ದಿನದ ಅಂತರ ಇಟ್ಟು.

ಮೀನು ತಿನ್ನುವ ಮನೆಯವರು ಇದನ್ನು ಓದುತ್ತಿದ್ದರೆ, ವಾರಕ್ಕೆ ಎರಡು ಸಲ ಬೂತಾಯಿ, ಬಂಗುಡೆ ಸಾಕು. ಒಮೆಗಾ 3, ಡಿ, ಬಿ12 ಮೂರೂ ಒಟ್ಟಿಗೆ ಸಿಗುತ್ತವೆ, ಬೆಲೆಯೂ ಕಡಿಮೆ. ಶಾರ್ಕ್ ಬೇಡ, ಅಂಜಲ್‌ನಂಥ ದೊಡ್ಡ ಬೇಟೆ ಮೀನು ಅಪರೂಪಕ್ಕೆ. ಅವುಗಳ ಮೈಯಲ್ಲಿ ಪಾದರಸ ಹೆಚ್ಚು ಸೇರಿರುತ್ತದೆ. ರಕ್ತ ಹೆಚ್ಚಲಿ ಅಂತ ವಾರ ವಾರ ಲಿವರ್ ತಿನ್ನುವ ರೂಢಿ ಇದ್ದರೆ ಈ ಕಾಲಕ್ಕೆ ನಿಲ್ಲಿಸಿ, ಅದರಲ್ಲಿನ ವಿಟಮಿನ್ ಎ ಅತಿಯಾದರೆ ಭ್ರೂಣಕ್ಕೆ ಹಾನಿ.

ಔಷಧಿ_ಹುಬ್ಬಳ್ಳಿ

ಒಮೆಗಾ ಮಾತು ಬಂತಲ್ಲ, ಸಸ್ಯಾಹಾರಿಗಳಿಗೆ ನಮ್ಮ ಅಗಸಿ ಹಿಂಡಿ (ಅಗಸೆಬೀಜದ ಚಟ್ನಿಪುಡಿ) ಐತ್ರಿ, ರೊಟ್ಟಿ ಜೋಡಿ ದಿನಾ ಒಂದು ಚಮಚ. ಅದರಾಗಿನ ಒಮೆಗಾ, ಮಗುವಿನ ಮಿದುಳಿಗೆ ಬೇಕಾಗೋ ಡಿಎಚ್‌ಎ ಅನ್ನೋ ಕೊಬ್ಬಾಗಿ ಬದಲಾಗೋದು ಭಾಳ ಕಡಿಮೆ, ಅದಕ್ಕ ಗರ್ಭ ನಿಂತ ಮ್ಯಾಲೆ ಪಾಚಿಯಿಂದ ಮಾಡಿದ ಡಿಎಚ್‌ಎ ಬೇಕಾ ಅಂತ ಡಾಕ್ಟರನ್ನ ಕೇಳ್ರಿ. ಮತ್ತ ಮಲ್ಟಿವಿಟಮಿನ್ ಎರಡು ಮೂರು ಕಂಪನಿದು ಕೂಡಿಸಿ ತಗೋಬ್ಯಾಡ್ರಿ, ಪಟ್ಟಿ ಹಿಂದ ವಿಟಮಿನ್ ಎ ಎಷ್ಟು ಅಂತ ಕೂಡಿಸಿ ನೋಡ್ರಿ, 10,000 ಯೂನಿಟ್ ದಾಟಬಾರದು. ಬಿ12, ಕಬ್ಬಿಣದ ಚೀಟಿ ಹಿಡಕೊಂಡು ಜನೌಷಧಿ ಕೇಂದ್ರಕ್ಕ ಹೋದ್ರ ಖರ್ಚು ಭಾಳ ಉಳೀತದ.